ಠರಾವು ಏಳು

ಬೆಟಗೇರಿಯ ನಮ್ಮ ಸಂಘ ಕೂಡುವುದು
ಛಾಪಖಾನೆಯ ಮೇಲಿನ ಅಟ್ಟದಲ್ಲಿ.
ಕೆಳಗೆ ಲಗ್ನಪತ್ರಿಕೆ ಅಚ್ಚಾಗುತ್ತಿದ್ದರೆ
ಮೇಲೆ ನನ್ನ ಪೆನ್ನು ನಡುಗುತ್ತದೆ;
ಹದಿನಾರು ವರ್ಷದ ನಡಾವಳಿಯಲ್ಲಿ
ಲಗ್ನದ ಸೀಜನ್ ಯಾವಾಗ ಬಂತೆಂದು
ಅಕ್ಷರ ನೋಡಿಯೇ ಹೇಳಬಹುದು.

ಅವತ್ತು ಕೇಂದ್ರದಿಂದ ಕಾಗದ ಬಂದಿತ್ತು.
ಕೇಂದ್ರವೆಂದರೆ ಬೆಂಗಳೂರಲ್ಲ, ದಿಲ್ಲಿಯೂ ಅಲ್ಲ,
ನಮಗೆ ರಾತ್ರಿ ಎಂಟಾದಾಗ
ಬೆಳಗಿನ ಚಹಾ ಕುಡಿಯುವ ಯಾವುದೋ ಊರು.
ತಲೆಗೊಂದು ಡಾಲರ್ ವರ್ಗಣಿ ಏರಬೇಕು,
ಕಲಮು ಹನ್ನೊಂದರ ತಿದ್ದುಪಡಿ,
ಪ್ರತಿ ಸಂಘವೂ ಮತ ಹಾಕಬೇಕು.

ಕೋರಂಗೆ ಒಬ್ಬರು ಕಡಿಮೆ.
ಗಿರಾಕಿಯ ಮುಂದೆ ಹರವಿದ ಇಳಕಲ್ ಸೀರೆ ಹಾಗೇ ಬಿಟ್ಟು
ತೋಂಟೇಶನನ್ನು ಅಂಗಡಿಯಿಂದ ಎಬ್ಬಿಸಿ ತಂದೆವು.
ತಡವಾಗಿದ್ದಕ್ಕೆ ಐದು ರೂಪಾಯಿ ದಂಡ ಬೇರೆ.

ಎಲ್ಲರ ಕೈ ಮೇಲೆ.
ಖಜಾಂಚಿ ಮಾಬುಸಾಬ ನದಾಫರದು ಮಾತ್ರ
ಮೊಣಕಾಲ ಮೇಲೇ ಇತ್ತು.
"ಇಪ್ಪತ್ತೆಂಟು ಮಂದಿ ಅದೀವಿ. ಇಪ್ಪತ್ತೆಂಟು ಡಾಲರ್ ಅಂದ್ರ
ಹದಿನಾರು ಚಾಳೀಸ್ರೀ.
ಹರ್ತಿ ಶಿಬಿರದಾಗ ಹದಿನಾರು ಮಂದಿಗೆ
ಮುಂದಿನ ವರ್ಷ ಬರ್ರಿ ಅಂತ ಯಾರು ಹೇಳೋರು?"

ಅಧ್ಯಕ್ಷೆ ಡಾಕ್ಟರ್ ಶಕುಂತಲಾ ಬಿಂಕದಕಟ್ಟಿ
ಸುತ್ತಿಗೆ ಬಡಿಯಲಿಲ್ಲ.
"ಹೊಳಿ ಏರಿದ ವರ್ಷ ಕೊಣ್ಣೂರಿಗೆ
ಕಂಬಳಿ ಎಲ್ಲಿಂದ ಬಂದ್ವು, ಮಾಬುಸಾಬ?
ಇದಽ ರೊಕ್ಕದಾಗ."
"ಮರತಿಲ್ರೀ. ನಾನಽ ಎಣಿಸಿ ಇಳಿಸಿಕೊಂಡೇನಿ.
ಆದರೂ ಬರೀರಿ, ವಿರೋಧ ಒಂದು."
ಬರೆದೆ. ಕೆಳಗೆ ಯಂತ್ರ ಅಷ್ಟರಲ್ಲಿ ನಿಂತಿತ್ತು.
ಆ ಒಂದು ನೆಟ್ಟಗೆ ಬಂತು.

ಹುಬ್ಬಳ್ಳಿಯ ಜಿಲ್ಲಾ ಅಧಿವೇಶನಕ್ಕೆ
ಸರದಿಯ ಪ್ರಕಾರ ಪ್ರತಿನಿಧಿ ಅವರೇ.
ಪ್ರತಿನಿಧಿ ಎತ್ತಬೇಕಾದದ್ದು ಸಂಘದ ಕೈ,
ತನ್ನದಲ್ಲ. ಇದನ್ನು ನಾವು
ಯಾರೂ ಅವರಿಗೆ ನೆನಪಿಸಲಿಲ್ಲ,
ನೆನಪಿಸಬೇಕೆಂದು ಇಬ್ಬರು ಮೂವರಿಗೆ ಅನಿಸಿತ್ತು.

ಸೋಮವಾರ ಅಂಚೆ ಕಚೇರಿಯ ಎದುರು ಸಿಕ್ಕರು.
"ಹೆಂಗಾತ್ರೀ?"
"ಪಾಸಾತು. ಹಸರು ಚೀಟಿ ಎತ್ತಿದೆ."
ಸುಮ್ಮನಾದರು. ಒಂದು ಟಂಟಂ ಹೋಯಿತು.
"ಎತ್ತಿದ್ದು ನಿಮ್ಮ ಕೈ.
ನಂದು ನಿಮ್ಮ ಪುಸ್ತಕದಾಗ ಐತಲ್ಲ,
ಅದನ್ನ ಯಾರೂ ಅಳಿಸಂಗಿಲ್ಲಲ್ಲ?"

ಇಲ್ಲವೆಂದೆ. ಕಲಮು ನಾಲ್ಕು.

ಕಿಸೆಯಿಂದ ಪ್ಯಾಸೆಂಜರ್ ರೈಲಿನ
ಎರಡು ಟಿಕೆಟ್ ತೆಗೆದು ಖರ್ಚಿಗೆ ಕೊಟ್ಟರು.
"ಬಸ್ಸಿಗೆ ಹೋಗಬೇಕಿತ್ತು, ಊಟಾನೂ ಬರದಿಲ್ಲ" ಅಂದೆ.
"ಅರ್ಧ ಚಾಳೀಸು ಉಳೀತಲ್ರೀ," ಅಂದವರೇ
ತಮ್ಮದನ್ನು ತೆಗೆದು ಅಂಗಿಯ ತುದಿಗೆ ಒರೆಸತೊಡಗಿದರು.