ಕೊಸರು

ಡುಲೂತ್‌ನಲ್ಲಿ ನವೆಂಬರ್. ಸರೋವರದ ಕಡೆಯ ಗಾಳಿ,
ಷೋರೂಮಿನ ಗಾಜಿಗೆ ರಸ್ತೆಯ ಉಪ್ಪು.
ಮೂಲೆಯಲ್ಲಿ ಎರಡು ವರ್ಷ ಹಳೆಯ ಹೊಸ ಬೈಕು:
ಮೀಟರಿನಲ್ಲಿ ಎರಡೇ ಮೈಲಿ,
ಸೀಟಿನ ಧೂಳಿನಲ್ಲಿ ಯಾವುದೋ ಮಗು ಗೀಚಿದ ಬೆಕ್ಕು.

ಸ್ಕೂಲ್ ಬಸ್ಸು ಓಡಿಸುವ ಆರ್ಲಿಸ್ ಬಂದಳು.
ಬೆಂಡೆಕಾಯಿಯ ತುದಿ ಮುರಿದು ನೋಡುವವರ ಹಾಗೆ
ಬಗ್ಗಿ ಟೈರಿನ ಸಣ್ಣ ಅಂಕಿ ಓದಿದಳು.
"ತಂಗಳು," ಅಂದಳು.

ಚೀಟಿಯಲ್ಲಿ ಎಂಟು ಸಾವಿರದ ಒಂಬೈನೂರು,
ಸಾಗಣೆ ಬೇರೆ, ಜೋಡಣೆ ಬೇರೆ, ಕಾಗದಪತ್ರ ಬೇರೆ.
"ಬೇರೆ ಬೇರೆ ಬೇಡ. ಈ ಬಾಗಿಲು ದಾಟಿದರೆ ಎಷ್ಟು?
ನನ್ನದು ಆರು."

"ಒಳಗೆ ಕೇಳಿ ಬರ್ತೀನಿ."
ಒಳಗೆ ಯಾರಿದ್ದಾರೆ? ಕಾಫಿ ಯಂತ್ರ,
ಹೋದ ವರ್ಷದ ಕ್ಯಾಲೆಂಡರು,
ಇದೇ ಬೈಕಿನ ಮೇಲೆ ತಿಂಗಳು ತಿಂಗಳು ಬೆಳೆವ ಬ್ಯಾಂಕಿನ ಬಡ್ಡಿ.
ನಾಲ್ಕು ನಿಮಿಷ ನಿಂತೆ. ಹುಬ್ಬು ಗಂಟಿಕ್ಕಿಕೊಂಡು ಹೊರಬಂದೆ.

"ಏನಂತೆ ಕಾಫಿ?"
ಹನ್ನೊಂದು ವರ್ಷ ಹಾಸಿಗೆ ಮಾರಿದವಳಂತೆ ಅವಳು.

ಆರೂವರೆಗೆ ಮುಗಿಯಿತು.
ಕೊಸರಿಗೊಂದು ಬ್ಯಾಟರಿ; ಇದ್ದದ್ದು ಎಂದೋ ಸತ್ತಿತ್ತು.
"ಹಿಮ ಕರಗುವ ತನಕ ಇಲ್ಲೇ ಇರಲಿ," ಅಂದಳು ಹೋಗುತ್ತಾ,
ಅದೂ ಕೊಸರೇ.

ಅದೇ ಮೂಲೆ. ದಿನಾ ಬೆಳಿಗ್ಗೆ ಧೂಳು ಒರೆಸುತ್ತೇನೆ ಈಗ,
ಮಾರಿದ ಮೇಲೆ.
ಬೆಕ್ಕನ್ನು ಮಾತ್ರ ಬಿಟ್ಟಿದ್ದೇನೆ.