ಹದಿನಾರನೆಯ ಅಂಗಿ

ಫೆಲಿಮ್ ಮೆಕ್‌ಗರ್ಟಿಯ ಬೆನ್ನ ಮೇಲೆ ಒಂದು,
ನನ್ನ ಬೆನ್ನ ಮೇಲೆ ಹದಿನಾರು.
ಹದಿಮೂರು ವರ್ಷ ಇದು ಬದಲಾಗಲಿಲ್ಲ.
ನಡುವಿನ ಹದಿನಾಲ್ಕು ಅಂಗಿಗಳೊಳಗೆ ಹುಡುಗರು ಬಂದರು, ಹೋದರು,
ಕೆಲವರು ಲಂಡನ್ನಿನ ಸಾರುವೆ ಹತ್ತಲು, ಒಬ್ಬ ಪಾದ್ರಿಯಾಗಲು,
ಇನ್ನೊಬ್ಬ ಬಾಸ್ಟನ್ನಿಗೆ, ಅಂಗಿ ತೊಟ್ಟುಕೊಂಡೇ.
ಆ ವರ್ಷವಿಡೀ ನಮ್ಮಲ್ಲಿ ಒಂಬತ್ತು ಎಂಬ ಸಂಖ್ಯೆಯೇ ಇರಲಿಲ್ಲ.

ಫೆಲಿಮ್ ಹಿಡಿಯಲು ಕಲಿತದ್ದು ಮೈದಾನದಲ್ಲಲ್ಲ.
ಲೀಟ್ರಿಮ್‌ನ ಜೌಗಿನಲ್ಲಿ, ಸೊಂಟದಾಳದ ಕುಣಿಯಲ್ಲಿ ನಿಂತು
ಅವನಪ್ಪ ಉರುವಲಿನ ಕರಿಮಣ್ಣನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಡಿದು
ತಲೆ ಎತ್ತದೆ ಮೇಲಕ್ಕೆಸೆಯುತ್ತಿದ್ದ.
ದಡದ ಮೇಲಿನ ಹುಡುಗ ಹಿಡಿಯಬೇಕು, ಸಾಲಿಗಿಡಬೇಕು,
ಅಷ್ಟರಲ್ಲಿ ಮುಂದಿನದು ಗಾಳಿಯಲ್ಲಿ.
ಬಿಗಿ ಹಿಡಿದರೆ ಒಡೆಯುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ,
ಒಡೆದದ್ದಕ್ಕೂ ಬಿದ್ದದ್ದಕ್ಕೂ ಬೈಗುಳ ಒಂದೇ.

ಮೊದಲ ಪಂದ್ಯ, ಹದಿನೇಳರ ಪ್ರಾಯ. ಐದು ಗೋಲು ಬಿಟ್ಟ.
ಸಂಜೆ ಹಸು ಕರೆಯಲು ಹೋದ, ಎಂದಿನಂತೆ.
ಮುಂದಿನ ಭಾನುವಾರವೂ ಅವನನ್ನೇ ನಿಲ್ಲಿಸಿದರು,
ಬೇರೆ ಯಾರಿಗೂ ಅಲ್ಲಿ ನಿಲ್ಲುವ ಮನಸ್ಸಿರಲಿಲ್ಲ.

ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಮೂರು, ಹಸಿರು ಬಾವುಟ.
ಮೇಲೆ ಹಾದು ಹೋದರೆ ಒಂದು, ಬಿಳಿಯದು.
ಬಾವುಟ ಹಿಡಿದು ಕಂಬದ ಪಕ್ಕ ನಿಂತ
ಬಿಳಿ ಕೋಟಿನ ಮುದುಕರ ಜೊತೆ ಫೆಲಿಮ್‌ದು ಬಿಡುವಿಲ್ಲದ ಮಾತು,
ಕರುಗಳ ಬೆಲೆ, ಯಾರದೋ ಸಾವು, ಗಾಳಿಯ ದಿಕ್ಕು.
ಮಾತಿನ ಮಧ್ಯೆಯೇ ಹಾರಿ, ಬೆರಳ ತುದಿಯಿಂದ
ಚೆಂಡನ್ನು ಪಟ್ಟಿಯ ಮೇಲಕ್ಕೆ ತಳ್ಳಿ, ಎದ್ದು, ಮಣ್ಣು ಒರೆಸಿಕೊಂಡು,
"ಮೂರನ್ನು ಒಂದು ಮಾಡುವುದೇ ನನ್ನ ಕಸುಬು" ಎನ್ನುತ್ತಿದ್ದ,
"ಸೊನ್ನೆ ಮಾಡುವುದು ದೇವರಿಗೆ ಬಿಟ್ಟದ್ದು."

ಪಂದ್ಯಕ್ಕೆ ಮುಂಚೆ ಅವನ ಕೈ ಬಿಸಿಯಾಗಲು
ಇಪ್ಪತ್ತು ಚೆಂಡು ಒದೆಯುವುದು ನನ್ನ ಪಾಲಿನ ಆಟ.
ಒಂದು ಸಂಗತಿ ನನಗೆ ಗೊತ್ತಿತ್ತು.
ಎಡಕ್ಕೆ, ಕೆಳಗೆ, ಹುಲ್ಲು ಸವರಿಕೊಂಡು ಬಂದದ್ದಕ್ಕೆ
ಅವನು ಅರೆಕ್ಷಣ ತಡ.
ಜನ ನೋಡುವಾಗ ನಾನು ಆ ಕಡೆ ಒದೆಯುತ್ತಿರಲಿಲ್ಲ.
ಅದಕ್ಕೆ ಅವನು ಥ್ಯಾಂಕ್ಸ್ ಹೇಳಿದ್ದೂ ಇಲ್ಲ.

ಕೌಂಟಿ ಫೈನಲ್ಲಿನ ವಾರ, ಹಾಲಿನ ಡೈರಿಯಲ್ಲಿ,
ಎದುರಾಳಿ ತಂಡದ ಟಿವ್ನನ್ ಕ್ಯಾನು ತೊಳೆಯುತ್ತಾ ಕೇಳಿದ:
"ನಿಮ್ಮವನಿಗೆ ಕಷ್ಟದ ಕಡೆ ಯಾವುದು, ಬಲವೋ ಎಡವೋ?"
ನಾನು ಹೇಳಲಿಲ್ಲ.
ಆಣೆಯಿಟ್ಟು ಹೇಳುತ್ತೇನೆ, ಹೇಳಲಿಲ್ಲ.
ಎಡ ಎಂದಾಗ ಮಾತ್ರ
ಕೈಯಲ್ಲಿದ್ದ ಮುಚ್ಚಳವನ್ನು ಕೆಳಗಿಟ್ಟೆ.

ಐವತ್ತೆರಡನೆಯ ನಿಮಿಷ, ಪೆನಾಲ್ಟಿ. ಟಿವ್ನನ್.
ಎಡಕ್ಕೆ, ಕೆಳಗೆ, ಹುಲ್ಲು ಸವರಿಕೊಂಡು.
ಹಸಿರು ಬಾವುಟ ಎತ್ತಿದ ಮುದುಕನೂ ಫೆಲಿಮ್‌ನ ಮುಖ ನೋಡಲಿಲ್ಲ.
ಎರಡು ಪಾಯಿಂಟಿಗೆ ಸೋತೆವು.
ಸ್ನಾನದ ಕೋಣೆಯಲ್ಲಿ ಬೂಟಿನ ಕೆಸರು ಕೆರೆಯುತ್ತಾ
"ಯಾರಾದರೂ ಒಂದು ದಿನ ಅಲ್ಲಿಗೆ ಹೊಡೆಯಲೇಬೇಕಿತ್ತು" ಅಂದ,
ಯಾರಿಗೆಂದಿಲ್ಲ.

ಆಮೇಲೂ ಆರು ವರ್ಷ ಆಡಿದ. ಕಿರುಬೆರಳು ಎರಡು ಸಲ ಮುರಿಯಿತು,
ಹೆಂಡತಿ ಬ್ರೀಜ್ ಅದಕ್ಕೆ ಚಮಚೆ ಕಟ್ಟಿ ಕಳಿಸಿದ್ದೂ ಉಂಟು.
ಹೊಸ ತರಬೇತುದಾರ ಬಂದು, ಗೋಲ್‌ಕೀಪರು ಇನ್ನು
ಹತ್ತಿರದವನಿಗೆ ಮೆಲ್ಲಗೆ ಒದೆಯಬೇಕು ಅಂದಾಗ
ಫೆಲಿಮ್ ತಲೆಯಾಡಿಸಿ, ಎಂದಿನಂತೆ ಮೋಡಕ್ಕೆ ಒದ್ದ.

ಕೊನೆಯ ಪಂದ್ಯ. ಗೆಲುವು ಖಾತ್ರಿ, ಏಳು ನಿಮಿಷ ಬಾಕಿ.
ಮೊಣಕಾಲು ಹಿಡಿದು ಕುಸಿದ.
ಹದಿನಾರಾಣೆ ಸುಳ್ಳು. ಕುಂಟಿದ್ದು ಬಲಗಾಲು, ಹಿಡಿದದ್ದು ಎಡಗಾಲು.
ದಾಟಿ ಹೋಗುವಾಗ ತನ್ನ ಒದ್ದೆ ಕೈಗವಸು ಬಿಚ್ಚಿ ಕೊಟ್ಟ,
ಒಳಗಿನ್ನೂ ಬಿಸಿ.

ಗೋಲಿನ ನಡುವೆ ಹುಲ್ಲು ಸವೆದು
ಎರಡು ಪಾದದಷ್ಟು ಬೋಳು, ಅದರಲ್ಲಿ ನೀರು.
ಚೆಂಡು ಆ ಕಡೆಯೇ ಇತ್ತು, ಇತ್ತ ಒಂದೂ ಬರಲಿಲ್ಲ.
ಬಿಳಿ ಕೋಟಿನ ಮುದುಕ ಅಭ್ಯಾಸಬಲದಿಂದ ಹತ್ತಿರ ಬಂದು,
ಕಾದು, ಕೊನೆಗೆ ತಾನೇ ಕೇಳಿದ:
"ಅಷ್ಟು ಎಡಕ್ಕೆ ಯಾಕಪ್ಪಾ ನಿಂತಿದ್ದೀಯಾ?"