ಬೀಳೂದರಾಗಿನ ಬೆಳಕು

ಎರಡನೇ ಪಾಳಿ. ಆಲಮಟ್ಟಿ. ಮೂರನೇ ಮಷೀನು
ಒಂದೇ ಸುರದಾಗ ಗುಂಯ್ ಅಂತೈತಿ.
ಬುತ್ತಿ ತಂದ ದಾನಮ್ಮ ಹೊಳ್ಳಿ ಹೋಗಲಿಲ್ಲ,
ಲಾಗ್‌ಬುಕ್ಕಿನ ಮಗ್ಗಲಕ ತನ್ನ ನೋಟ್‌ಬುಕ್ಕು ತೆರದು ಕೇಳಿದ್ಲು:
'ಅಪ್ಪಾ, ನಡಬರಕ ಇರೂದು ಕಪ್ಪು ಕುಣಿ.
ಬೆಳಕನ್ನೂ ಬಿಡೂದಿಲ್ಲಂತ, ನುಂಗತೈತಂತ.
ಮತ್ತ ಕ್ವೇಸಾರ್ ಅಷ್ಟು ಉರಿಯೂದು ಯಾತರಿಂದ?'

ನಾ ಐಟಿಐ ಮುಗಿಸಿದಾಂವ.
ಮೀಟರು ಓದತೇನಿ, ಆಕಾಶ ಓದಿಲ್ಲ.
ಆದ್ರ ಬೀಳೂದು ಗೊತ್ತೈತಿ ನನಗ.
ಹತ್ತೊಂಬತ್ತು ವರ್ಷ ಬೀಳೂದನ್ನ ಕಾಯ್ಕೊಂತ ಕುಂತೇನಿ.

ಕೆಳಗ ಕರಕೊಂಡು ಹೋದ್ನಿ.
'ಇಲ್ಲಿ ಅಂಗೈ ಇಡು' ಅಂದ್ನಿ, ನಡುಗೂ ಕೊಳವಿ ಮ್ಯಾಲ.
ಒಳಗ ಕೃಷ್ಣಿ. ಸುತ್ತಿ ಸುತ್ತಿ ಇಳಿಯಾಕತ್ಯಾಳ.
ನೆಟ್ಟಗ ಬೀಳಾಕ ಯಾರಿಗೂ ಬರೂದಿಲ್ಲವ್ವ,
ಬರೂವಾಗ ತಂದ ತಿರುವು ಅಷ್ಟು ಸಳ್ಳನ ಬಿಡೂದಿಲ್ಲ.
ಅಲ್ಲೂ ಹಂಗ ಇರಬೇಕು:
ಧೂಳು, ಹೊಗಿ, ಹರಕೊಂಡ ಚುಕ್ಕಿ
ಬಾಯಿ ಸುತ್ತ ಗಿರಕಿ ಹೊಡೀತಾವು,
ಒಳಗಿನದು ಜೋರು, ಹೊರಗಿನದು ಮೆಲ್ಲಕ,
ಮೈಗೆ ಮೈ ತಿಕ್ಕಿ, ತಿಕ್ಕಿ, ಕಾದು,
ನುಂಗೂ ಗೆರಿ ದಾಟೂಕಿಂತ ಮೊದಲ
ಕೈಲಾದಷ್ಟು ಬೆಳಕು ಹೊರಗ ಒಗದು ಹೋಗತಾವು.
ಕುಣಿ ಉರಿಯೂದಿಲ್ಲ.
ಬೀಳಾಕತ್ತದ್ದು ಉರೀತೈತಿ.

ಆಕಿ ಬರಕೊಂಡ್ಲು. ಆಮ್ಯಾಲ ಪೆನ್ನಿನ ತುದಿ ಕಚ್ಚಿ,
'ಬೀಳೂದು ಮುಗದ್ರ?'

ಮುಗದ್ರ ಏನವ್ವ, ಮೇ ತಿಂಗಳು.
ನೀರು ಇಳೀತೈತಿ, ಮಷೀನು ಒಂದೊಂದ ನಿಂದರತಾವು,
ನನ್ನ ಚಪ್ಪಲಿ ಸಪ್ಪಳ ನನಗ ಕೇಳತೈತಿ.
ಅತ್ತಾಗ ಬಾಗಲಕೋಟಿ ಹಿನ್ನೀರಿನಾಗ
ಮುಳುಗಿದ ಓಣಿ ಒಂದೀಟು ಬೆನ್ನು ತೋರಸತೈತಿ.
ನಿಮ್ಮಜ್ಜನ ಹಿಟ್ಟಿನ ಗಿರಣಿ ಕಟ್ಟಿ,
ಮ್ಯಾಲ ನಾಕು ಬೋಲ್ಟು, ತುಕ್ಕು ಹಿಡದು.
ಆ ಕಟ್ಟಿ ಸವರಿ ಬಂದ ಘಟಪ್ರಭಾನ
ಕೃಷ್ಣಿಗೆ ಕೂಡಿ, ಇಲ್ಲಿ ಬಿದ್ದು, ನೀ ಓದೂ ದೀಪ ಆಗೈತಿ.

'ನಮ್ಮ ಗ್ಯಾಲಕ್ಸಿ ನಡುವಿಂದೂ ಹಸಗೊಂಡು ಮಲಗೇತಂತ,
ಸರ್ ಹೇಳ್ಯಾರ' ಅಂದ್ಲು.
ಮಲಗಲಿ ಬಿಡು. ಎಬ್ಬಸಬ್ಯಾಡ.

ಹತ್ತೂವರಿಗೆ ಫೋನು: ಲೋಡು ಏರಸ್ರಿ.
ಗೇಟು ಇನ್ನೊಂದು ಬೆರಳು ತೆರದ್ನಿ, ಗುಂಯ್ ದಪ್ಪಾತು.
ತಿರುಗಿ ನೋಡಿದ್ರ ಲಾಗ್‌ಬುಕ್ಕಿನ ಮ್ಯಾಲ ತಲಿ ಇಟ್ಟು ನಿದ್ದಿ.
ಕೈಯಾಗಿನ ಪೆನ್ನು ಉರುಳಿ
ಟೇಬಲ್ಲಿನಿಂದ ಕೆಳಗ ಬಿತ್ತು.
ಬರೇ ಸಪ್ಪಳ.
ಬೆಳಕಿಗೆ ಅಷ್ಟು ಎತ್ತರ ಸಾಲೂದಿಲ್ಲ.